ಶಬಾನಾ ಆರಿಸಿದ ರೀಲ್

ಮೀನು ಹಿಡಿಯಲು ಶಬಾನಾ ಆರಿಸಿದ ರೀಲ್ ಕೆಟ್ಟದ್ದಾಗಿರಲಿಲ್ಲ. ಅದನ್ನು ಕೆಡಿಸಿದವನು ನಾನು. ಕೆಡಿಸಿ ಸುಮ್ಮನಿದ್ದೆ — ಇಲ್ಲ, ಸುಮ್ಮನೂ ಇರಲಿಲ್ಲ. ಅದು ಕೈಕೊಟ್ಟ ದಿನ ಎಲ್ಲರೆದುರು ಎದೆಯುಬ್ಬಿಸಿಕೊಂಡು "ನಾನು ಮೊದಲೇ ಹೇಳಿರ್ಲಿಲ್ವಾ?" ಎಂದೆ. ಆಮೇಲೆ ಮೂರು ವರ್ಷ ಆ ಸುಳ್ಳಿನ ಮೇಲೆಯೇ ದೊಡ್ಡ ಮನುಷ್ಯನಾಗಿ ಓಡಾಡಿದೆ. ಈಗ ಹೇಳಿಬಿಡುತ್ತೇನೆ, ಓದುವವರು ನನ್ನನ್ನು ಬೈದುಕೊಂಡರೂ ಸರಿ.

ಮೊದಲು ನನ್ನ ಜಂಬದ ಕಥೆ. ನನ್ನ ಹೆಸರು ರಘುರಾಮ, ಕುಂದಾಪುರದ ಕಡೆಯವನು, ಸ್ಯಾನ್ ಡಿಯಾಗೋದಲ್ಲಿ ಟೆಲಿಕಾಂ ಎಂಜಿನಿಯರ್. ಇಲ್ಲಿನ ಕನ್ನಡದವರಲ್ಲಿ ಹೆಚ್ಚಿನವರು ಬೆಂಗಳೂರಿನವರು. ಅವರ ಪ್ರಕಾರ ಕರಾವಳಿಯವನೆಂದರೆ ಹುಟ್ಟುವಾಗಲೇ ಕೈಯಲ್ಲಿ ಗಾಳ ಹಿಡಿದುಕೊಂಡು ಬಂದವನು. ನಾನು ಆ ತಪ್ಪನ್ನು ತಿದ್ದಲಿಲ್ಲ. ನಿಜ ಹೇಳಬೇಕೆಂದರೆ ಊರಿನಲ್ಲಿ ನಾನು ಗಾಳವನ್ನು ಮುಟ್ಟಿದವನೇ ಅಲ್ಲ. ನಮ್ಮಪ್ಪ ಪೋಸ್ಟಾಫೀಸಿನಲ್ಲಿದ್ದರು. ಮೀನು ಬುಟ್ಟಿಯಲ್ಲಿ ಮನೆ ಬಾಗಿಲಿಗೆ ಬರುತ್ತಿತ್ತು, ಅಮ್ಮ ಚೌಕಾಸಿ ಮಾಡಿ ಕೊಳ್ಳುತ್ತಿದ್ದಳು, ನಾನು ತಿನ್ನುತ್ತಿದ್ದೆ. ಮೀನಿಗೂ ನನಗೂ ಇದ್ದ ಸಂಬಂಧ ಅಷ್ಟೇ. ಆದರೂ "ರಘು, ನಿಮಗೆ ಬಿಡಿ, ಇದೆಲ್ಲ ರಕ್ತದಲ್ಲೇ ಬಂದಿದೆ" ಎಂದು ಯಾರಾದರೂ ಹೇಳಿದರೆ ಒಂದು ಸಣ್ಣ ನಗೆ ನಕ್ಕು ಮೀಸೆಯ ಮೇಲೆ ಕೈಯಾಡಿಸುತ್ತಿದ್ದೆ.

2020ರಲ್ಲಿ ಆಫೀಸುಗಳು ಮುಚ್ಚಿ, ಮನೆಯೊಳಗೆ ಕೂತು ಕೂತು ತಲೆ ಕೆಟ್ಟಿದ್ದ ಕಾಲ. ಯೂನಿವರ್ಸಿಟಿ ಸಿಟಿ ಬಡಾವಣೆಯ ನಮ್ಮ ಅಪಾರ್ಟ್‌ಮೆಂಟಿನ ಕನ್ನಡದ ಕೆಲವು ಮನೆಯವರು ಸಮುದ್ರದ ಪಿಯರ್ ಮೇಲೆ ಮೀನು ಹಿಡಿಯಲು ಹೋಗತೊಡಗಿದೆವು. ನೀರಿನೊಳಗೆ ಉದ್ದಕ್ಕೆ ಚಾಚಿದ ಆ ಕಟ್ಟೆಯ ಮೇಲೆ ಗಾಳ ಹಾಕಲು ಲೈಸೆನ್ಸ್ ಬೇಕಿರಲಿಲ್ಲ, ದೂರ ದೂರ ನಿಲ್ಲಲು ಜಾಗವೂ ಇತ್ತು. ನಾನು ಹೋದದ್ದು ಹೆಸರು ಉಳಿಸಿಕೊಳ್ಳಲು. ನನ್ನ ಹೆಂಡತಿ ಸುಮನಾ ಬಂದದ್ದು ಗಾಳಿಗೆ. ನಿಜವಾಗಿ ಮೀನು ಹಿಡಿಯಲು ಬಂದವರು ಒಬ್ಬರೇ — ಎದುರಿನ ಬ್ಲಾಕಿನ ಶಬಾನಾ.

ಶಬಾನಾ ಮೈಸೂರಿನವರು. ಇಲ್ಲಿಗೆ ಹತ್ತಿರದ ಕಾರ್ಲ್ಸ್‌ಬಾಡ್‌ನ ಒಂದು ಬಯೋಟೆಕ್ ಕಂಪನಿಯ ಲ್ಯಾಬಿನಲ್ಲಿ ಕೆಲಸ. ಗಂಡ ಇಮ್ತಿಯಾಜ್‌ಗೆ ಕಂಪ್ಯೂಟರ್ ಬಿಡಿಭಾಗಗಳ ವ್ಯಾಪಾರ. ಮಗಳು ಆಲಿಯಾ ಇಲ್ಲೇ ಹುಟ್ಟಿದವಳು, ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರಿಸುವವಳು. ಶಬಾನಾ ನನ್ನನ್ನು ಮೊದಲ ದಿನದಿಂದಲೂ ರಘು ಅಣ್ಣ ಎಂದೇ ಕರೆದರು. ಯಾವುದನ್ನೇ ಆಗಲಿ ಕೈಗೆತ್ತಿಕೊಂಡರೆ ಅದರ ಬುಡ ನೋಡದೆ ಬಿಡುವವರಲ್ಲ. ಅಂಗಡಿಯಲ್ಲಿ ರೀಲ್ ಕೊಳ್ಳುವಾಗ — ರೀಲ್ ಎಂದರೆ ಗಾಳದ ಕೋಲಿಗೆ ಕಚ್ಚಿಕೊಂಡು ದಾರ ಸುತ್ತುವ ರಾಟೆ — ಅದರ ಹಿಡಿಯನ್ನು ಕಿವಿಯ ಹತ್ತಿರ ಹಿಡಿದು ತಿರುಗಿಸುತ್ತಿದ್ದರು, ಕಣ್ಣು ಮುಚ್ಚಿಕೊಂಡು. ಅಂಗಡಿಯವರು ನಗುತ್ತಿದ್ದರು, ಇವರಿಗೆ ಅದರ ಪರಿವೆಯೇ ಇರಲಿಲ್ಲ.

2022ರಲ್ಲಿ ಪ್ರಕಾಶನಿಗೆ ಸಾಲ್ಮನ್ ಮೀನಿನ ಹುಚ್ಚು ಹತ್ತಿತು. ಪ್ರಕಾಶ ನಮ್ಮ ಗುಂಪಿನ ಬೆಂಗಳೂರಿನವನು, ನನ್ನ ಆಫೀಸಿನವನೇ, ಬಾಯಿಗೆ ಬೀಗವಿಲ್ಲದವನು. ನಮ್ಮ ಸ್ಯಾನ್ ಡಿಯಾಗೋ ಸಮುದ್ರದಲ್ಲಿ ಸಾಲ್ಮನ್ ಸಿಗುವುದಿಲ್ಲ, ಅದಕ್ಕೆ ಉತ್ತರಕ್ಕೆ ಹೋಗಬೇಕು. ಶರತ್ಕಾಲದಲ್ಲಿ ಆರೆಗಾನ್ ರಾಜ್ಯದ ನದಿಗಳಿಗೆ ದೊಡ್ಡ ಸಾಲ್ಮನ್‌ಗಳು ಸಮುದ್ರದಿಂದ ಏರಿ ಬರುತ್ತವೆ. ಎಲ್ಲರೂ ಹೋಗೋಣ ಎಂದಾಯಿತು. ಆಗ ಹುಟ್ಟಿದ ಪ್ರಶ್ನೆ — ರೀಲ್ ಯಾವುದು? ಪಿಯರ್ ಮೇಲಿನ ಪುಟ್ಟ ಮೀನಿಗೆ ಹಿಡಿದ ರೀಲ್‌ಗಳು ಸಾಲ್ಮನ್ನಿನ ಎಳೆತಕ್ಕೆ ತಡೆಯುವುದಿಲ್ಲ.

ನಾನು ತಡಮಾಡದೆ ಅಂಗಡಿಯ ಗಾಜಿನ ಕಪಾಟಿನೊಳಗೆ ಬೀಗ ಹಾಕಿ ಇಟ್ಟಿದ್ದ, ದುಬಾರಿಯಾದ, ಚಿನ್ನದ ಬಣ್ಣದ ರೀಲನ್ನೇ ಕೊಂಡೆ. ತಂದು ಎಲ್ಲರಿಗೂ ತೋರಿಸಿ, "ಸಾಲ್ಮನ್ ಅಂದ್ರೆ ತಮಾಷೆಯಲ್ಲ ಮಾರಾಯ್ರೆ, ಎಲ್ರೂ ಇದನ್ನೇ ತಗೊಳ್ಳಿ" ಎಂದು ಉಪದೇಶ ಮಾಡಿದೆ. ಎಲ್ಲರ ಮುಖ ಸಣ್ಣದಾಯಿತು. ಅಷ್ಟು ಖರ್ಚು ಯಾರಿಗೂ ಬೇಕಿರಲಿಲ್ಲ.

ಶಬಾನಾ ನನ್ನ ರೀಲನ್ನು ತಿರುಗಿಸಿ ನೋಡಿದರು. "ಚೆನ್ನಾಗಿದೆ ಅಣ್ಣ. ಆದ್ರೆ ಇಷ್ಟು ಬೇಕಾಗಿಲ್ಲ" ಎಂದರು. "ಡಬ್ಬದ ಮೇಲೆ ಒಳಗೆ ಎಷ್ಟು ಬೇರಿಂಗ್ ಇದೆ ಅಂತ ದೊಡ್ಡದಾಗಿ ಬರೀತಾರೆ. ಮೀನಿಗೆ ಓದೋಕೆ ಬರಲ್ಲ. ಮೀನು ಎಳೆದಾಗ ದಾರ ಜರ್ಕ್ ಹೊಡೀದೆ ಮೆತ್ತಗೆ ಬಿಟ್ಕೋಬೇಕು. ದಾರ ಸಾಕಷ್ಟು ಹಿಡೀಬೇಕು. ಬಾಡಿ ಗಟ್ಟಿ ಇರಬೇಕು. ಈ ಮೂರು ಇದ್ರೆ ಮಿಕ್ಕಿದ್ದೆಲ್ಲ ಹೊಳಪು."

ದಾರವನ್ನು ಹದವಾಗಿ ಬಿಟ್ಟುಕೊಡುವ ಆ ಬ್ರೇಕಿಗೆ ಡ್ರ್ಯಾಗ್ ಎನ್ನುತ್ತಾರೆ. ಅದು ಬಿಗಿಯಾಗಿ ಕಚ್ಚಿಕೊಂಡರೆ ದಾರ ತುಂಡಾಗುತ್ತದೆ, ಮೀನು ಹೋಗುತ್ತದೆ. ಶಬಾನಾ ಎಷ್ಟೋ ಅಂಗಡಿ ಸುತ್ತಿ, ಎಷ್ಟೋ ಡ್ರ್ಯಾಗ್ ಎಳೆದು ನೋಡಿ, ಕೊನೆಗೆ ಕೆಳಗಿನ ಹಲಗೆಯ ಮೇಲೆ ಧೂಳು ತಿನ್ನುತ್ತಿದ್ದ ಒಂದು ಕಪ್ಪು ರೀಲನ್ನು ಆರಿಸಿದರು. ನನ್ನದರ ಬೆಲೆಯ ಕಾಲು ಭಾಗವೂ ಅದಕ್ಕಿರಲಿಲ್ಲ. ಪ್ರಕಾಶ ಸೇರಿದಂತೆ ಎಲ್ಲರೂ ಅದನ್ನೇ ಕೊಂಡರು. "ಮೇಡಂ ಹೇಳಿದ್ಮೇಲೆ ಮುಗೀತು" ಎಂದ ಪ್ರಕಾಶ ನನ್ನ ಕಡೆ ತಿರುಗಿ, "ನೀವು ಬರೀ ರೀಲು ಬಿಡ್ತೀರಾ ಗುರುಗಳೇ, ರೀಲ್ ಬಗ್ಗೆ ಗೊತ್ತಿರೋರು ಅವ್ರೇ" ಎಂದು ಕಿಚಾಯಿಸಿದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಹೊಟ್ಟೆಯೊಳಗೆ ಮಾತ್ರ ಬೆಂಕಿ ಬಿದ್ದಿತ್ತು.

ಪ್ರವಾಸದ ಸಾಮಾನುಗಳೆಲ್ಲ ನಮ್ಮ ಗರಾಜಿನಲ್ಲಿದ್ದವು, ನಮ್ಮದೇ ದೊಡ್ಡದೆಂದು. ಹೊರಡುವುದಕ್ಕೆ ಮುಂಚಿನ ಒಂದು ಭಾನುವಾರ ಸುಮನಾ ಮನೆಯಲ್ಲಿರಲಿಲ್ಲ. ನಾನು ಶಬಾನಾರ ಚೀಲ ಬಿಚ್ಚಿ ಅವರ ರೀಲ್ ತೆಗೆದುಕೊಂಡೆ. ಯಾಕೆ? ಅದು ಕಳಪೆ ಎಂದು ನನಗೆ ನಾನೇ ತೋರಿಸಿಕೊಳ್ಳಬೇಕಿತ್ತು. ಅದನ್ನೂ ನನ್ನ ಚಿನ್ನದ ರೀಲನ್ನೂ ಹಿಡಿದುಕೊಂಡು ಕಾರ್ಲ್ಸ್‌ಬಾಡ್‌ನ ಬೀಚಿಗೆ ಡ್ರೈವ್ ಮಾಡಿದೆ. ಎರಡರಿಂದಲೂ ಗಾಳ ಎಸೆದೆ, ಎಳೆದೆ, ಮತ್ತೆ ಎಸೆದೆ. ಥೂ, ಏನೂ ವ್ಯತ್ಯಾಸವಿಲ್ಲ! ನನ್ನದು ಒಂದಿಷ್ಟು ಹಗುರ, ಅಷ್ಟೇ. ಡ್ರ್ಯಾಗ್ ಅಂತೂ ಅವರದೇ ಮೆತ್ತಗಿತ್ತು, ಬೆಣ್ಣೆ ಬೆಣ್ಣೆ. ಆ ಸಿಟ್ಟಿಗೆ ಅವರ ರೀಲಿದ್ದ ಕೋಲನ್ನು ಮರಳಿನ ಮೇಲೆ ಹಾಗೆಯೇ ಮಲಗಿಸಿ ಹಿಂದೆ ತಿರುಗಿದೆ — ಒಂದು ಅಲೆ ಬಂತು. ನಾನು ಓಡಿ ಹಿಡಿಯುವಷ್ಟರಲ್ಲಿ ಶಬಾನಾರ ರೀಲ್ ಉಪ್ಪುನೀರು, ಮರಳಿನಲ್ಲಿ ಹೊರಳಾಡಿತ್ತು.

ಹಿಡಿ ತಿರುಗಿಸಿದರೆ ಕರಕರ ಸದ್ದು. ಆಗ ನಾನು ಮಾಡಬೇಕಾಗಿದ್ದು ಒಂದೇ — ಫೋನ್ ಮಾಡಿ "ಶಬಾನಾ, ಹೀಗಾಯ್ತು, ತಪ್ಪಾಯ್ತು" ಎನ್ನುವುದು. ಅವರು ನಗುತ್ತಿದ್ದರೇನೋ. ಹೊಸದೊಂದನ್ನು ತಂದುಕೊಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಯಾಕೆ ತೆಗೆದುಕೊಂಡು ಹೋಗಿದ್ದೆ ಎಂದು ಕೇಳಿದರೆ? ಪ್ರಕಾಶನಿಗೆ ತಿಳಿದರೆ? ಆ ಮಾನವೇ ನನಗೆ ಹೆಚ್ಚಾಯಿತು.

ಮನೆಗೆ ತಂದು ರೀಲ್ ಬಿಚ್ಚಿದೆ. ತೊಳೆದೆ, ಒರೆಸಿದೆ, ಮರಳನ್ನು ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿದೆ. ಒಳಗಿದ್ದ ಗ್ರೀಸೆಲ್ಲ ಹೋಯಿತು. ರೀಲಿಗೆಂದೇ ಮಾಡಿದ ಎಣ್ಣೆ, ಗ್ರೀಸ್ ಮಾರುತ್ತಾರೆ, ಅದನ್ನು ತರಲು ಅಂಗಡಿಗೆ ಹೋಗಬೇಕು, ಸುಮನಾ ಬರುವ ಹೊತ್ತಾಗಿತ್ತು. ಬಚ್ಚಲುಮನೆಯಲ್ಲಿ ಕೊಬ್ಬರಿ ಎಣ್ಣೆಯ ಬಾಟಲಿ ಕಣ್ಣಿಗೆ ಬಿತ್ತು. ನಮ್ಮ ಮನೆಯಲ್ಲಿ ಅಮ್ಮನ ಹೊಲಿಗೆ ಯಂತ್ರಕ್ಕೆ, ಕಿರುಗುಟ್ಟುವ ಬಾಗಿಲಿಗೆ, ನಮ್ಮ ತಲೆಗೆ, ಸುಟ್ಟ ಗಾಯಕ್ಕೆ, ಎಲ್ಲಕ್ಕೂ ಅದೇ. ಯೋಚಿಸಲೂ ಇಲ್ಲ. ಗೇರುಗಳಿಗೆ ಹೊಯ್ದೆ, ಡ್ರ್ಯಾಗಿನೊಳಗೆ ಒಂದಕ್ಕೊಂದು ಒತ್ತಿಕೊಂಡಿರುವ ಬಿಲ್ಲೆಗಳ ನಡುವೆಯೂ ಧಾರಾಳವಾಗಿ ಹಚ್ಚಿದೆ. ಗರಾಜಿನ ಸೆಖೆಯಲ್ಲಿ ರೀಲ್ ಮೊದಲಿಗಿಂತಲೂ ಚೆನ್ನಾಗಿ ತಿರುಗಿತು. ಬೆನ್ನು ತಟ್ಟಿಕೊಂಡೆ. ಚೀಲದಲ್ಲಿ ಮೊದಲಿದ್ದ ಹಾಗೆಯೇ ಇಟ್ಟೆ.

ಕೊಬ್ಬರಿ ಎಣ್ಣೆ ಚಳಿಗೆ ಗಟ್ಟಿಯಾಗುತ್ತದೆ. ನಮ್ಮವರಲ್ಲಿ ಮಕ್ಕಳಿಗೂ ಗೊತ್ತು. ಸ್ಯಾನ್ ಡಿಯಾಗೋದ ಡಿಸೆಂಬರ್‌ನಲ್ಲೇ ಸುಮನಾ ಬಾಟಲಿಯನ್ನು ಬಿಸಿನೀರಿನಲ್ಲಿ ಇಟ್ಟು ಕರಗಿಸುವುದನ್ನು ವರ್ಷ ವರ್ಷ ನೋಡುತ್ತೇನೆ. ಆ ದಿನ ಮಾತ್ರ — ಹೊಳೆಯಲೇ ಇಲ್ಲ. ಎಂಜಿನಿಯರ್ ಬೇರೆ!

ಆರೆಗಾನ್‌ನ ನದಿಯ ಬೆಳಗು ಕೈಬೆರಳು ಮರಗಟ್ಟುವಷ್ಟು ತಣ್ಣಗಿತ್ತು. ನಾವು ದಡದುದ್ದಕ್ಕೂ ನಿಂತಿದ್ದೆವು. ಹಿಂದಿನ ಸಂಜೆಯೇ ಪ್ರಕಾಶ, ಇಮ್ತಿಯಾಜ್ ಇಬ್ಬರೂ ಅದೇ ಕಪ್ಪು ರೀಲ್‌ಗಳಿಂದ ಸಣ್ಣ ಸಾಲ್ಮನ್ ಹಿಡಿದಿದ್ದರು, ಅದನ್ನು ಯಾರೂ ಆಮೇಲೆ ನೆನಪಿಸಿಕೊಳ್ಳಲಿಲ್ಲ. ಶಬಾನಾರ ರೀಲ್ ಬೆಳಿಗ್ಗೆಯಿಂದ ಬಿಗಿಯಾಗಿತ್ತು. "ಯಾಕೋ ಹೆವಿ ಆಗಿದೆ ಅಣ್ಣ" ಎಂದರು. "ಚಳಿ ಅಲ್ವಾ" ಎಂದೆ. ಅಷ್ಟು ಹೊತ್ತಿಗೆ ಅವರ ಕೋಲು ನೀರಿನ ಕಡೆಗೆ ಬಾಗಿತು. ಹೊಳೆಯ ನಡುವೆ ಒಂದು ಮೀನು ಹಾರಿತು — ಅಬ್ಬಾ, ಆ ಗಾತ್ರ! ಮಗುವನ್ನು ಎತ್ತಿಕೊಂಡ ಹಾಗೆ ಎರಡೂ ತೋಳು ತುಂಬುವಂಥದ್ದು. ಮೀನು ಕೆಳಕ್ಕೆ ನುಗ್ಗಿತು. ದಾರ ಬಿಟ್ಟುಕೊಡಬೇಕಿದ್ದ ಡ್ರ್ಯಾಗ್ ಅಲುಗಲಿಲ್ಲ. ಶಬಾನಾ ಅದರ ತಿರುಪನ್ನು ಸಡಿಲಿಸಿದರು, ಮತ್ತೆ ಸಡಿಲಿಸಿದರು, ಪೂರ್ತಿ ಸಡಿಲಿಸಿದರು. ಅಲುಗಲಿಲ್ಲ. ಟಪ್ ಎಂದು ದಾರ ತುಂಡಾಯಿತು.

ಅವರು ಕೋಲು ಹಿಡಿದುಕೊಂಡು ಹಾಗೆಯೇ ನಿಂತರು. ನಾನು ಹತ್ತಿರ ಹೋಗಿ ರೀಲನ್ನು ಕೈಗೆ ತೆಗೆದುಕೊಂಡೆ. ಬಿಲ್ಲೆಯ ಅಂಚಿನಲ್ಲಿ ಬೆಳ್ಳಗೆ ಮೇಣದಂತೆ ಏನೋ ಕಾಣಿಸಿತು. ಹೆಬ್ಬೆರಳಿನಿಂದ ಮುಟ್ಟಿದೆ. ಬೆರಳಿನ ಬಿಸಿಗೆ ಅದು ಕರಗಿತು, ಪರಿಮಳ ಬಂತು. ಆ ಗಳಿಗೆಯಲ್ಲಿ ನನಗೆಲ್ಲ ಅರ್ಥವಾಯಿತು. ಅರ್ಥವಾದ ಮೇಲೆ ನಾನು ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡೆ. ನೆನೆಸಿಕೊಂಡರೆ ಈಗಲೂ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

"ಏನಾಯ್ತು?" ಎಂದು ಓಡಿ ಬಂದವರೆಲ್ಲ ಕೇಳಿದರು. ನಾನು ರೀಲನ್ನು ಮೇಲೆತ್ತಿ ಹಿಡಿದು, "ನಾನು ಮೊದಲೇ ಹೇಳಿರ್ಲಿಲ್ವಾ? ಅಗ್ಗದ್ದು ಅಗ್ಗದ್ದೇ" ಎಂದೆ.

ಆಲಿಯಾ ಅಮ್ಮನ ಪಕ್ಕದಲ್ಲಿ ನಿಂತು ಅಮ್ಮನ ಮುಖವನ್ನೇ ನೋಡುತ್ತಿದ್ದಳು. ಶಬಾನಾರ ಕಣ್ಣಲ್ಲಿ ನೀರು ಬಂದದ್ದು ಅವಳಿಗೆ ಕಾಣಿಸಿತು, ನನಗೂ ಕಾಣಿಸಿತು. ವಾಪಸ್ ಬಂದ ಮೇಲೆ ಎಲ್ಲರೂ ತಮ್ಮ ಕಪ್ಪು ರೀಲ್‌ಗಳನ್ನು ಅಂಗಡಿಗೆ ಹಿಂತಿರುಗಿಸಿದರು. ಶಬಾನಾ ತಮ್ಮದನ್ನು ಕಸಕ್ಕೆ ಹಾಕಿದರಂತೆ.

ನಾನು ಗೆದ್ದಿದ್ದೆ. ಅಲ್ಲಿಂದ ಮುಂದೆ ಯಾರಿಗೆ ಏನು ಕೊಳ್ಳಬೇಕಾದರೂ ನನ್ನನ್ನೇ ಕೇಳತೊಡಗಿದರು, ರೀಲ್ ಮಾತ್ರವಲ್ಲ, ಕಾರು, ಕ್ಯಾಮೆರಾ, ಅಕ್ಕಿ ಕುಕ್ಕರ್ ಕೂಡ. ಪ್ರಕಾಶ 'ಗುರುಗಳೇ' ಎನ್ನುವುದನ್ನು ಈಗ ನಿಜವಾದ ಮರ್ಯಾದೆಯಿಂದಲೇ ಹೇಳುತ್ತಿದ್ದ. ಶಬಾನಾ ಪಿಯರಿಗೆ ಬರುವುದನ್ನು ನಿಲ್ಲಿಸಿದರು. ಸಿಕ್ಕಾಗಲೆಲ್ಲ ಚೆನ್ನಾಗಿಯೇ ಮಾತಾಡುತ್ತಿದ್ದರು, ಹಬ್ಬಕ್ಕೆ ಶೀರ್ ಖುರ್ಮಾ ಕಳಿಸುತ್ತಿದ್ದರು. ಹೇಳಬೇಕು ಎಂದು ಎಷ್ಟೋ ಸಲ ಬಾಯಿ ತೆರೆದೆ. ತೆರೆದ ಬಾಯಿಯಲ್ಲಿ ಬೇರೆ ಯಾವುದೋ ಮಾತು ಬಂತು.

ಹೋದ ವರ್ಷ, 2025ರಲ್ಲಿ, ಅವರೇ ಫೋನ್ ಮಾಡಿದರು. "ಅಣ್ಣ, ಆಲಿಯಾ ಕಾಲೇಜಿಗೆ ಹೋಗೋ ಮುಂಚೆ ಇನ್ನೊಂದು ಸಲ ಸಾಲ್ಮನ್‌ಗೆ ಹೋಗೋಣ ಅಂತಿದಾಳೆ. ನೀವೇ ಒಂದು ರೀಲ್ ಆರಿಸಿಕೊಡಿ. ನನಗೆ ಅದೆಲ್ಲ ಗೊತ್ತಾಗಲ್ಲ."

ಗೊತ್ತಾಗಲ್ಲ! ಯಾರ ಬಾಯಲ್ಲಿ ಯಾವ ಮಾತು!

ಇಮ್ತಿಯಾಜ್‌ಗೆ ಲಾಸ್ ಏಂಜಲಿಸ್‌ನಿಂದ ಮಾಲು ತರುವುದಿತ್ತು. ಅವರ ವ್ಯಾನಿನಲ್ಲೇ ಹೋದೆವು. ಮೀನು ಹಿಡಿಯುವ ಸಾಮಾನಿನ ದೊಡ್ಡ ಅಂಗಡಿಯೊಂದರ ಮುಂದೆ ನಮ್ಮಿಬ್ಬರನ್ನು ಇಳಿಸಿ, "ನಿಧಾನವಾಗಿ ನೋಡಿ, ನಾನು ಗೋಡೌನ್‌ಗೆ ಹೋಗಿ ಬರ್ತೀನಿ" ಎಂದು ಹೊರಟರು. ಒಳಗೆ ಗೋಡೆಯ ಉದ್ದಕ್ಕೂ ರೀಲ್‌ಗಳು. ನಾನು ಒಂದೊಂದನ್ನೇ ತೆಗೆದು ಅದರ ಹೊಗಳಿಕೆ ಶುರು ಮಾಡಿದೆ. ಶಬಾನಾ ಕೋಟಿನ ಜೇಬಿನಲ್ಲಿ ಎರಡೂ ಕೈ ಇಟ್ಟುಕೊಂಡು ನಿಂತಿದ್ದರು. ಒಂದು ರೀಲನ್ನೂ ಮುಟ್ಟಲಿಲ್ಲ.

"ತಿರುಗಿಸಿ ನೋಡಿ" ಎಂದೆ.

"ನೀವು ನೋಡಿದ್ರೆ ಸಾಕು ಅಣ್ಣ. ನಾನು ನೋಡಿ ಏನು ಮಾಡ್ಲಿ? ನನ್ನ ಕೈಗುಣ ಸರಿ ಇಲ್ಲ."

ನನ್ನ ಕೈಯಲ್ಲಿದ್ದ ರೀಲನ್ನು ಮತ್ತೆ ಹಲಗೆಯ ಮೇಲಿಟ್ಟೆ. ಅಷ್ಟು ದಿನ ಬಾರದ ಮಾತು, ಆ ಅಂಗಡಿಯ ಬಿಳೀ ದೀಪದ ಕೆಳಗೆ, ತಡೆಯಿಲ್ಲದೆ ಬಂತು.

"ಶಬಾನಾ, ಆ ರೀಲ್‌ನಲ್ಲಿ ಏನೂ ತಪ್ಪಿರ್ಲಿಲ್ಲ. ನಿಮಗೆ ಹೇಳದೆ ಬೀಚಿಗೆ ತಗೊಂಡು ಹೋಗಿದ್ದೆ. ಅದು ನನ್ನದರಷ್ಟೇ ಚೆನ್ನಾಗಿತ್ತು, ನನಗೆ ಸಹಿಸೋಕಾಗ್ಲಿಲ್ಲ. ಮರಳಲ್ಲಿ ಬೀಳಿಸ್ದೆ. ಆಮೇಲೆ ಬಿಚ್ಚಿ ತೊಳೆದು ಕೊಬ್ಬರಿ ಎಣ್ಣೆ ಹಾಕ್ದೆ. ಅದು ಆ ಚಳೀಲಿ ಗಟ್ಟಿಯಾಯ್ತು. ನದಿ ದಡದಲ್ಲೇ ನನಗೆ ಗೊತ್ತಾಯ್ತು. ಗೊತ್ತಿದ್ದೇ ಹಾಗಂದೆ."

ಅವರು ನನ್ನನ್ನು ದಿಟ್ಟಿಸಿ ನೋಡಿದರು. "ಕೊಬ್ಬರಿ ಎಣ್ಣೆ" ಎಂದರು. "ತಲೆಗೆ ಹಚ್ಕೊಳ್ಳೋ ಕೊಬ್ಬರಿ ಎಣ್ಣೆ?"

ತಲೆಯಾಡಿಸಿದೆ.

"ನೀವು ಒಂದು ರೀಲ್ ಕೆಡಿಸಿದ್ರಿ ಅಂದ್ಕೊಂಡಿದೀರಾ ಅಣ್ಣ?" ದನಿ ಏರಲಿಲ್ಲ, ಏರಿದ್ದರೆ ನನಗೆ ಸುಲಭವಾಗುತ್ತಿತ್ತು. "ಅವತ್ತಿಂದ ಲ್ಯಾಬಲ್ಲಿ ನನ್ನ ರಿಸಲ್ಟನ್ನ ನಾನೇ ನಂಬ್ತಿರ್ಲಿಲ್ಲ. ಎಲ್ಲಾನೂ ಇನ್ನೊಬ್ರಿಗೆ ತೋರಿಸಿ ಕೇಳ್ತಿದ್ದೆ. ಪ್ರಮೋಷನ್‌ಗೆ ಅಪ್ಲೈ ಮಾಡಿ ಅಂದ್ರು, ಬೇಡ ಅಂದೆ. ಅಷ್ಟು ನೋಡಿ, ಅಷ್ಟು ಓದಿ, ಎಲ್ಲರಿಗೂ ಒಂದು ಆಟದ ಸಾಮಾನು ಸರಿಯಾಗಿ ಆರಿಸೋಕೆ ಬರಲಿಲ್ಲ ಅಂದ್ಮೇಲೆ ನಂಗೆ ಇನ್ನೇನು ಬರುತ್ತೆ ಅಂತ. ಮನೆಗೆ ಏನು ತರಬೇಕಾದ್ರೂ ನನ್ನ ಮಗಳು, ಮಾಮ್, ನೀನು ಆರಿಸ್ಬೇಡ, ಡ್ಯಾಡಿ ಆರಿಸ್ಲಿ, ಅಂತಾಳೆ. ಗೊತ್ತಾ ನಿಮಗೆ?"

ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳಲು ನಾನು ಯತ್ನಿಸಿರಲೂ ಇಲ್ಲ. ಕ್ಷಮಿಸಿ ಎಂದೆನೋ ಇಲ್ಲವೋ, ನೆನಪಿಲ್ಲ.

"ಆಚೆ ಹೋಗಿ ನಿಂತ್ಕೊಳ್ಳಿ" ಎಂದರು. "ನಾನು ಆರಿಸ್ಬೇಕು."

ಪಾರ್ಕಿಂಗ್ ಲಾಟಿನ ಬಿಸಿಲಿನಲ್ಲಿ ನಿಂತು ಗಾಜಿನ ಮೂಲಕ ನೋಡಿದೆ. ಶಬಾನಾ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದರು, ಕೈ ಇನ್ನೂ ಜೇಬಿನಲ್ಲೇ. ಆಮೇಲೆ ಒಂದು ಕೈ ಹೊರಗೆ ಬಂತು. ಇನ್ನೊಂದೂ ಬಂತು. ಒಂದು ರೀಲ್ ತೆಗೆದು ಕಿವಿಯ ಹತ್ತಿರ ಹಿಡಿದು, ಕಣ್ಣು ಮುಚ್ಚಿ ತಿರುಗಿಸಿದರು. ಇಟ್ಟರು. ಮತ್ತೊಂದು. ಹಿಡಿಯನ್ನು ಅಲ್ಲಾಡಿಸಿ ನೋಡಿದರು, ಇಟ್ಟರು. ಅಂಗಡಿಯ ಹುಡುಗಿಯನ್ನು ಕರೆದು ದಾರದ ತುದಿಯನ್ನು ಅವಳ ಕೈಗೆ ಕೊಟ್ಟು, "ಎಳಿ, ಇನ್ನೂ ಜೋರಾಗಿ" ಎಂದು ಸನ್ನೆ ಮಾಡಿದರು. ಅವಳು ಎಳೆದುಕೊಂಡು ಸಾಲಿನ ಕೊನೆಯವರೆಗೂ ಹೋದಳು, ಇಬ್ಬರೂ ನಕ್ಕರು. ನನ್ನ ಅವಮಾನ, ನಾಚಿಕೆ ಎಲ್ಲ ಹಾಗೆಯೇ ಇತ್ತು, ಆದರೂ — ಹೇಗೆ ಹೇಳಲಿ — ಆ ಗಾಜಿನ ಹೊರಗೆ ನಿಂತು ನನಗೆ ಕುಣಿಯುವಷ್ಟು ಖುಷಿಯಾಯಿತು. ಅವರು ಗಾಜಿನ ಕಪಾಟಿನ ಕಡೆ ತಿರುಗಿಯೂ ನೋಡಲಿಲ್ಲ. ಬಗ್ಗಿ, ಎಲ್ಲಕ್ಕಿಂತ ಕೆಳಗಿನ ಹಲಗೆಯಿಂದ ಒಂದನ್ನು ಎತ್ತಿಕೊಂಡು ಬಿಲ್ ಹಾಕಿಸಲು ಹೋದರು.

ವಾಪಸ್ ಬರುವಾಗ ನಾನು ವ್ಯಾನಿನ ಹಿಂದೆ ಪೆಟ್ಟಿಗೆಗಳ ನಡುವೆ, ಅವರು ಮುಂದೆ. "ಯಾಕೆ ಇಬ್ರೂ ಸುಮ್ನಿದೀರಾ? ಸಿಗ್ಲಿಲ್ವಾ?" ಎಂದು ಇಮ್ತಿಯಾಜ್ ಕೇಳಿದರು.

"ಸಿಕ್ತು" ಎಂದರು ಶಬಾನಾ. "ನಾನೇ ಆರಿಸಿದೆ."

ಮನೆಯ ಮುಂದೆ ಇಳಿಯುವಾಗ ನನಗೆ ಮಾತ್ರ ಕೇಳುವಂತೆ ಹೇಳಿದರು, "ಎಲ್ಲರ ಮುಂದೆ ಅಂದಿದ್ರಲ್ಲ, ಈಗ್ಲೂ ಎಲ್ಲರ ಮುಂದೇನೇ ಹೇಳಿ."

ಹೇಳಿದೆ. ಕರ್ನಿ ಮೆಸಾ ಬಡಾವಣೆಯಲ್ಲಿ ನಾವು ಸೇರುವ ಒಂದು ಹೋಟೆಲಿದೆ. ಅಲ್ಲಿ ಪ್ರವಾಸದ ಮಾತಾಡಲು ಎಲ್ಲ ಮನೆಯವರೂ ಊಟಕ್ಕೆ ಕೂತಿದ್ದಾಗ ಎದ್ದು ನಿಂತೆ. ಮೇಜಿನ ಅಂಚು ಹಿಡಿದುಕೊಂಡೆ. ಬೀಚು, ಮರಳು, ಎಣ್ಣೆ, ಬೆರಳಿಗೆ ಹತ್ತಿದ ಪರಿಮಳ, ಅದನ್ನು ಒರೆಸಿಕೊಂಡದ್ದು — ಒಂದನ್ನೂ ಬಿಡಲಿಲ್ಲ. ಕುಂದಾಪುರದಲ್ಲಿ ನಾನು ಗಾಳ ಮುಟ್ಟಿರಲಿಲ್ಲ ಎನ್ನುವುದನ್ನೂ ಸೇರಿಸಿದೆ. ಇರಲಿ, ಒಟ್ಟಿಗೇ ಹೋಗಲಿ ಎಂದು.

ಮೊದಲು ಬಾಯಿಬಿಟ್ಟವಳು ಸುಮನಾ. "ಅವತ್ತು ಬಾಟ್ಲಿ ಖಾಲಿ ಆಗಿತ್ತಲ್ರೀ, ಕೇಳಿದ್ರೆ ಕೂದಲು ಉದುರ್ತಿದೆ ಅಂದ್ರಲ್ಲ! ನನ್ನ ಹತ್ರಾನೂ ಸುಳ್ಳಾ?" ಅವಳ ಕಣ್ಣಲ್ಲಿ ನೀರಿತ್ತು. ಅವಳ ಜೊತೆ ಆ ಲೆಕ್ಕ ಇನ್ನೂ ಮುಗಿದಿಲ್ಲ.

ಆಲಿಯಾ ನನ್ನನ್ನೇ ನೋಡುತ್ತಿದ್ದಳು. "ಅಂಕಲ್, ಯು ಲೆಟ್ ಮೈ ಮಾಮ್ ಕ್ರೈ?" ಎಂದಳು.

"ಹೌದು" ಎಂದೆ.

ಅವಳು ಕುರ್ಚಿಯಿಂದ ಎದ್ದು ಹೋಗಿ ಅಮ್ಮನನ್ನು ಹಿಂದಿನಿಂದ ತಬ್ಬಿಕೊಂಡಳು. ಏನೋ ಕಿವಿಯಲ್ಲಿ ಹೇಳಿದಳು. ಶಬಾನಾ ಆ ದಿನ ಮೊದಲ ಸಲ ಕಣ್ಣೊರೆಸಿಕೊಂಡರು.

ಪ್ರಕಾಶ ಕುರ್ಚಿ ಸರಿಸಿ ಎದ್ದ. ಕಿಚಾಯಿಸುತ್ತಾನೆ ಎಂದುಕೊಂಡೆ, ನನ್ನ ಕಡೆ ಅವನು ತಿರುಗಲೇ ಇಲ್ಲ. "ಮೇಡಂ, ಹಂಗಾದ್ರೆ ಅವತ್ತು ನಾವು ವಾಪಸ್ ಕೊಟ್ಟಿದ್ದೆಲ್ಲ ಒಳ್ಳೆ ರೀಲ್‌ಗಳೇ. ನಾವೂ ಒಂದು ಮಾತು ನಿಮ್ಮನ್ನ ಕೇಳ್ಲಿಲ್ಲ. ಸಾರಿ ಮೇಡಂ. ಈ ಸಲ ಎಲ್ಲರಿಗೂ ನೀವೇ ಆರಿಸ್ಬೇಕು."

"ಆರಿಸ್ತೀನಿ" ಎಂದರು ಶಬಾನಾ. "ಆದ್ರೆ ಯಾರೂ ಅದಕ್ಕೆ ಒಗ್ಗರಣೆ ಹಾಕೋ ಹಾಗಿಲ್ಲ."

ಇಡೀ ಮೇಜು ಗೊಳ್ಳೆಂದು ನಕ್ಕಿತು. ಇಮ್ತಿಯಾಜ್ ಮೇಜು ಬಡಿದು ಬಡಿದು ನಕ್ಕರು. ನಗು ನನ್ನ ಮೇಲೆಯೇ, ಆದರೂ ಅಂಥ ಒಳ್ಳೆಯ ನಗುವನ್ನು ನಾನು ಆ ಗುಂಪಿನಲ್ಲಿ ಬಹಳ ದಿನದಿಂದ ಕೇಳಿರಲಿಲ್ಲ. ಮುಂದಿನ ವಾರವೇ ಶಬಾನಾ ಹಿಂದೆ ಎಲ್ಲರೂ ಅಂಗಡಿಗೆ ಹೋದರು, ಅವರು ತೋರಿಸಿದ ಅಗ್ಗದ ರೀಲ್‌ಗಳನ್ನೇ ಹೊತ್ತು ತಂದರು. ನನ್ನ ಚಿನ್ನದ ರೀಲನ್ನು ಯಾರೂ ಕೇಳಲಿಲ್ಲ.

ಅವತ್ತು ಹೋಟೆಲಿನಲ್ಲಿ ಊಟ ಮುಗಿಸಿ ಹೊರಗೆ ಬಂದಾಗಲೇ ಶಬಾನಾ ನನ್ನನ್ನು ನಿಲ್ಲಿಸಿದ್ದರು. "ಈ ಸಲ ನೀವು ಬರಬೇಡಿ ಅಣ್ಣ. ನೀವಿದ್ರೆ ನಾನು ನೀರು ನೋಡಲ್ಲ, ನಿಮ್ಮನ್ನೇ ನೋಡ್ತಿರ್ತೀನಿ."

"ಸರಿ" ಎಂದೆ. ನ್ಯಾಯವಾಗಿತ್ತು. ಸುಮನಾ ಹೋದಳು, ನಾನು ಉಳಿದೆ.

ಅವರು ನದಿಗಿಳಿದ ದಿನ ನಾನು ಆಫೀಸಿನಲ್ಲಿ ಮೀಟಿಂಗಿನಲ್ಲಿ ಕೂತಿದ್ದೆ. ಕೂತಿದ್ದೆ ಎಂದು ಹೇಳಬೇಕು ಅಷ್ಟೇ, ಜೀವವೆಲ್ಲ ಫೋನಿನಲ್ಲಿತ್ತು. ಮಧ್ಯಾಹ್ನ ಆಲಿಯಾಳಿಂದ ಒಂದು ವಿಡಿಯೊ ಬಂತು. ಅದುವರೆಗೂ ಅವಳು ನನಗೆ ಏನನ್ನೂ ಕಳಿಸಿದವಳಲ್ಲ. ಎದ್ದು ಪಾರ್ಕಿಂಗ್ ಲಾಟಿಗೆ ಓಡಿದೆ.

ಮಂಜು ಮುಸುಕಿದ ನದಿ. ಶಬಾನಾ ಮೊಣಕಾಲುದ್ದ ನೀರಿನಲ್ಲಿ, ಕೋಲು ಬಿಲ್ಲಿನಂತೆ ಬಾಗಿದೆ. ಮೀನು ಕೆಳಕ್ಕೆ ನುಗ್ಗಿತು, ಡ್ರ್ಯಾಗ್ ಝರ್ರೆಂದು ದಾರ ಬಿಟ್ಟುಕೊಟ್ಟಿತು, ಎಷ್ಟು ಮೆತ್ತಗೆ, ಎಷ್ಟು ಸರಾಗ! ಇಮ್ತಿಯಾಜ್ ಬಲೆ ಹಿಡಿದು ದಡದುದ್ದಕ್ಕೂ ಓಡುತ್ತಿದ್ದಾರೆ, ಪ್ರಕಾಶ "ಮೇಡಂ, ಬಿಡ್ಬೇಡಿ, ಬಿಡ್ಬೇಡಿ" ಎಂದು ಕಿರಿಚುತ್ತಿದ್ದಾನೆ, ಸುಮನಾ ಯಾವುದೋ ದೇವರಿಗೆ ಹರಕೆ ಹೊರುತ್ತಿದ್ದಾಳೆ. ಶಬಾನಾ ಒಬ್ಬರೇ ಸುಮ್ಮನಿದ್ದರು. ಮೀನು ಎಳೆದಾಗ ಬಿಟ್ಟರು, ದಣಿದಾಗ ಸುತ್ತಿದರು. ಮತ್ತೆ ಎಳೆಯಿತು, ಮತ್ತೆ ಬಿಟ್ಟರು. ನಾನು ಸ್ಯಾನ್ ಡಿಯಾಗೋದ ಬಿಸಿಲಿನಲ್ಲಿ ನಿಂತು, ಆಗಲೇ ಮುಗಿದು ಹೋಗಿದ್ದನ್ನು ನೋಡುತ್ತ, "ಹಾಗೇ, ಹಾಗೇ, ಶಭಾಷ್!" ಎಂದು ಕೂಗುತ್ತಿದ್ದೆ. ಕಾರು ಹತ್ತುತ್ತಿದ್ದ ಯಾರೋ ನಿಂತು ನೋಡಿದರು. ನೋಡಲಿ! ಬಲೆಯೊಳಗೆ ಬೆಳ್ಳಗೆ, ಭಾರವಾಗಿ ಆ ಮೀನು ಹೊರಳಿದಾಗ ದಡದ ಮೇಲಿನವರೆಲ್ಲ ಹಾರಿ ಹಾರಿ ಕುಣಿದರು. "ಮಾಮ್! ಮಾಮ್!" ಎಂದು ಆಲಿಯಾ ಅರಚಿದ್ದರಲ್ಲಿ ಫೋನೇ ನಡುಗಿತು.

ಆಮೇಲೆ ಶಬಾನಾ ಎರಡೂ ಕೈಯಲ್ಲಿ ಮೀನನ್ನೆತ್ತಿ ಎದೆಗೊತ್ತಿಕೊಂಡು ಕ್ಯಾಮೆರಾದ ಕಡೆಗೆ ತಿರುಗಿದರು. ಏದುಸಿರು, ಕೆಂಪಾದ ಮೂಗು, ಒದ್ದೆ ದುಪಟ್ಟಾ, ಮುಖದ ತುಂಬ ನಗು. "ರಘು ಅಣ್ಣ" ಎಂದರು, "ಡ್ರ್ಯಾಗ್ ಕೇಳಿಸ್ತಾ?"

ನಾನು ಅಳುತ್ತಿದ್ದೇನೆ ಎನ್ನುವುದು ಆಗ ಗೊತ್ತಾಯಿತು. "ಕೇಳಿಸ್ತು" ಎಂದು ಬರೆದು ಕಳಿಸಿದೆ. ಕ್ಷಮಿಸಿದ್ದೇನೆ ಎಂದು ಅವರು ಹೇಳಿಲ್ಲ, ನಾನು ಕೇಳಿಯೂ ಇಲ್ಲ. ಅವರು ತಮ್ಮ ಕೈಯನ್ನು ನಂಬದೆ ಕಳೆದ ಆ ಮೂರು ವರ್ಷಗಳನ್ನು ನಾನು ಎಲ್ಲಿಂದ ತಂದು ಕೊಡಲಿ? ಈಗ ಅವರು ಪ್ರಮೋಷನ್‌ಗೆ ಅಪ್ಲೈ ಮಾಡಿದ್ದಾರೆ. ಈಗಲೂ ಹೊಸಬರು ಯಾರಾದರೂ ಬಂದು "ನೀವು ಕರಾವಳಿಯವರಂತೆ, ಸಾಲ್ಮನ್‌ಗೆ ಕಮ್ಮಿ ಬೆಲೆದು ಯಾವ ರೀಲ್ ತಗೊಳ್ಲಿ?" ಎಂದು ನನ್ನನ್ನು ಕೇಳುತ್ತಾರೆ. "ನನಗೆ ಗೊತ್ತಿಲ್ಲ, ಶಬಾನಾ ಅವ್ರನ್ನ ಕೇಳಿ" ಎನ್ನುತ್ತೇನೆ. ಯಾಕೆ ಎಂದು ಕೇಳಿದವರನ್ನು ಕೂರಿಸಿಕೊಂಡು, ನಿಮಗೆ ಹೇಳಿದಷ್ಟನ್ನೂ ಹೇಳುತ್ತೇನೆ.